ಕಡಲೆಕಾಯಿ ಪ್ರಕರಣದಲ್ಲಿ ನಮ್ಮ ಮಾವ

ನಮ್ಮ ಸೋದರಮಾವನ ಮನೆಯಲ್ಲಿ ಕದ್ದು ಹಾಲು ಕುಡಿದ ಬೆಕ್ಕಿಗೂ ವಿಚಾರಣೆಯಿಲ್ಲದೆ ಏಟು ಹಾಕುವಂತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಪರವಾಗಿಲ್ಲ, ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ.

ಎಂಬತ್ತರ ದಶಕದ ಮಾತು. ಮಾವ ವಾರವೆಲ್ಲ ಒಂದು ಕಾರ್ಖಾನೆಯ ಪರ್ಸನೆಲ್ ಮ್ಯಾನೇಜರ್, ಭಾನುವಾರ ಮೇಷ್ಟ್ರು. ರಾಜಾಜಿನಗರದ ಅವರ ಮನೆಯ ಹಜಾರದಲ್ಲಿ ಶಾಮಿಯಾನಾ ಅಂಗಡಿಯಿಂದ ತಂದ ಮಡಚುವ ಕುರ್ಚಿಗಳು, ಗೋಡೆಗೆ ಒರಗಿಸಿದ ಕಪ್ಪು ಹಲಗೆ. ಪೀಣ್ಯದ ಕಾರ್ಖಾನೆಗಳಲ್ಲಿ ಹೊಸದಾಗಿ ಆಫೀಸರುಗಳಾದ ಹುಡುಗರು ಟೈ ಕಟ್ಟಿಕೊಂಡು ಕಾರ್ಮಿಕ ಕಾನೂನು ಕಲಿಯಲು ಬರುತ್ತಿದ್ದರು. ಮಾವ ಮಾತ್ರ ಪಂಚೆಯ ಮೇಲೆ ಕೋಟು ಹಾಕಿಕೊಂಡು ನಿಲ್ಲುತ್ತಿದ್ದರು. ಪಾಠ ಎಷ್ಟೇ ಇರಲಿ, ಕೊನೆಗೆ ಒಂದೇ ಮಾತು: "ಎದುರಿಗಿರೋನು ಏನ್ ಹೇಳ್ತಾನೆ ಅಂತ ಕೇಳದೆ ಶಿಕ್ಷೆ ಕೊಡೋ ಹಾಗಿಲ್ಲ ಕಣ್ರಪ್ಪ."

ಬೆಕ್ಕಿನ ಕಥೆ ಆಗಿದ್ದೂ ಹೀಗೆಯೇ. ಹುಡುಗರಿಗೆ ಅಭ್ಯಾಸವಾಗಲಿ ಎಂದು ಮಾವ ಆ ಭಾನುವಾರ ವಿಚಾರಣೆ ಏರ್ಪಡಿಸಿದರು. ಕನ್ನಡಕದ ಹುಡುಗನೊಬ್ಬ ಬೆಕ್ಕಿನ ಪಾತ್ರ ವಹಿಸಿ, ತಾನು ಆ ಹೊತ್ತಿಗೆ ಅಟ್ಟದ ಮೇಲೆ ಮಲಗಿದ್ದೆನೆಂದು ಹೇಳಿಕೆ ಕೊಟ್ಟ. ಅತ್ತೆ ಸಾಕ್ಷಿ. "ಪಾತ್ರೆ ಖಾಲಿಯಾಗಿತ್ತು, ಅಷ್ಟೇ ನಾನು ನೋಡಿದ್ದು" ಎಂದು ಒಪ್ಪಿಕೊಂಡರು. ಬೆಕ್ಕು ಖುಲಾಸೆಯಾಯಿತು. ಅತ್ತೆ ಸೇಡು ತೀರಿಸಿಕೊಳ್ಳದೆ ಬಿಟ್ಟಾರೆಯೇ? ಅವತ್ತು ಎಲ್ಲರಿಗೂ ಹಾಲಿಲ್ಲದ ಕಾಫಿ.

ಅತ್ತೆಯನ್ನು ಸಾಮಾನ್ಯರೆಂದು ತಿಳಿಯಬೇಡಿ. ಅಡುಗೆಮನೆಯಿಂದಲೇ ಪಾಠ ಕೇಳಿ ಕೇಳಿ ಅರ್ಧ ವಕೀಲೆಯಾಗಿದ್ದರು. ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮಾಡುವುದಿಲ್ಲ ಎಂದು ಕೂತುಬಿಟ್ಟರು.

"ನೋಟಿಸ್ ಕೊಡದೆ ಸ್ಟ್ರೈಕ್ ಮಾಡಂಗಿಲ್ಲ ಕಣೇ" ಎಂದರು ಮಾವ.

"ಸ್ಟ್ರೈಕ್ ಯಾರ್ರೀ ಮಾಡಿದ್ದು?" ಎನ್ನುತ್ತಾ ಅತ್ತೆ ಅಡುಗೆಮನೆಗೆ ಬೀಗ ಹಾಕಿದರು. "ಇದು ಲಾಕ್‌ಔಟು."

"ಲಾಕ್‌ಔಟ್ ಮಾಡೋದು ಮಾಲೀಕರು."

"ನಾನೂ ಅದನ್ನೇ ಹೇಳ್ತಿರೋದು" ಎಂದು ಅತ್ತೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಮನೆಯ ಮಾಲೀಕರು ಯಾರೆಂಬ ಪ್ರಶ್ನೆ ಆಮೇಲೆ ಯಾವತ್ತೂ ಏಳಲಿಲ್ಲ.

ಇದನ್ನೆಲ್ಲ ನೋಡಿ ನಾನು ಬಿದ್ದು ಬಿದ್ದು ನಗುತ್ತಿದ್ದೆ, ನನ್ನ ಬುಡಕ್ಕೇ ಬರುವವರೆಗೆ!

ಆಗ ನಾನು ವಿಜಯನಗರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಜ್ಞಾನಭಾರತಿಗೆ ಹೋಗಿ ಎಂ.ಎ. ಓದುತ್ತಿದ್ದೆ. ಅಲ್ಲಿ ಮರದ ಕೆಳಗೆ ನಾನು ಒಬ್ಬ ಹುಡುಗನ ಜೊತೆ ಕಡಲೆಕಾಯಿ ತಿನ್ನುತ್ತಾ ಕೂತಿದ್ದನ್ನು ಅಪ್ಪನ ಸ್ನೇಹಿತರೊಬ್ಬರು ನೋಡಿ, ಅಪ್ಪನ ಕಿವಿಗೆ ಹಾಕಿದರು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. "ನಾಳೆಯಿಂದ ಓದು ಸಾಕು, ಮನೇಲಿರು" ಎಂದರು. ಅಪ್ಪನ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಮ್ಮ ಕಣ್ಣೀರು ಹಾಕಿಕೊಂಡು ತನ್ನ ತಮ್ಮನಿಗೆ ಹೇಳಿಕಳಿಸಿದಳು.

ಮಾವ ಓಡಿಬಂದರು. "ವಿಚಾರಣೆ ಇಲ್ಲದೆ ಡಿಸ್‌ಮಿಸ್ ಮಾಡಿಬಿಟ್ರಾ ಭಾವ? ಕೋರ್ಟಲ್ಲಿ ನಿಲ್ಲಲ್ಲ ಇದು."

"ಇದು ಕಾರ್ಖಾನೆ ಅಲ್ಲಪ್ಪ."

"ಕಾರ್ಖಾನೆಯವರೇ ಕೇಳ್ತಾರೆ. ನಾವು ಅವರಿಗಿಂತ ಕಡೆಯಾ?"

ಈ ಮಾತು ಅಪ್ಪನಿಗೆ ನಾಟಿತು. ಮುಂದಿನ ಭಾನುವಾರ ಪಾಠ ಮುಗಿದು ಹುಡುಗರೆಲ್ಲ ಹೋದ ಮೇಲೆ, ಅದೇ ಮಡಚುವ ಕುರ್ಚಿಗಳ ಮೇಲೆ ನಾವು ಕೂತೆವು. ಒಳಗೆ ಊಟ ಸಿದ್ಧವಿದೆ ಎಂಬ ಆಸೆಗೆ ಸಾಕ್ಷಿಯೂ, ಅಂದರೆ ಅಪ್ಪನ ಆ ಸ್ನೇಹಿತರೂ, ಬಂದಿದ್ದರು.

"ಆಪಾದಿತಳು ಸಹಾಯಕ್ಕೆ ಒಬ್ಬ ಸಹೋದ್ಯೋಗಿಯನ್ನು ಕರಕೊಳ್ಳಬಹುದು" ಎಂದರು ಮಾವ.

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಎಂದರೆ ಅಪ್ಪನ ಸ್ವಂತ ತಾಯಿ!

"ಬರ್ತೀನಿ ಬಿಡು" ಎಂದು ಅಜ್ಜಿ ಕುರ್ಚಿ ಎಳೆದುಕೊಂಡರು. "ಇವಳೂ ನಾನೂ ದಿನಾ ಜೊತೇಲೆ ಅವರೆಕಾಯಿ ಬಿಡಿಸ್ತೀವಿ. ಸಹೋದ್ಯೋಗಿನೇ." ಆಮೇಲೆ ಸಾಕ್ಷಿಯ ಕಡೆ ತಿರುಗಿದರು. "ನೀವೆಲ್ಲಿದ್ರಿ?"

"ಜ್ಞಾನಭಾರತಿ ಒಳಗಿಂದ ಹೋಗೋ ಉಲ್ಲಾಳದ ಬಸ್ಸಲ್ಲಿದ್ದೆ, ಕಿಟಕಿ ಪಕ್ಕ."

"ಬಸ್ಸು ನಿಂತಿತ್ತೋ, ಹೋಗ್ತಿತ್ತೋ?"

"ಹೋಗ್ತಿತ್ತು."

"ಕನ್ನಡಕ?"

"ಜೇಬಲ್ಲಿತ್ತು."

"ಮರದ ಕೆಳಗೆ ಕೂತೋರು ಬಾಯಿಗೆ ಹಾಕಿದ್ದು ಕಡಲೆಕಾಯಿನೋ ಬಟಾಣಿನೋ ನಿಮಗೆ ಕಾಣಿಸ್ತು!"

ಸಾಕ್ಷಿ ಅಡುಗೆಮನೆಯ ಕಡೆ ನೋಡತೊಡಗಿದರು. ನಾವು ಗೆದ್ದಿದ್ದೆವು. ಅತ್ತೆ ಎಲೆ ಹಾಕಲು ಎದ್ದೂ ಆಗಿತ್ತು. ಮಾವ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಇನ್ನೂ ಮುಗಿದಿಲ್ಲ. ಇವಳನ್ನ ಯಾರೂ ಕೇಳೇ ಇಲ್ವಲ್ಲ" ಎಂದು ನನ್ನ ಕಡೆ ತಿರುಗಿದರು. "ನಿನಗೆ ಹೇಳೋದೇನಿದೆ, ಹೇಳಮ್ಮ."

"ಸುಮ್ನಿರೇ, ಗೆದ್ದಾಯ್ತು" ಎಂದು ಅಜ್ಜಿ ತೊಡೆ ಚಿವುಟಿದರು. ಸುಮ್ಮನಿದ್ದಿದ್ದರೆ ನಿಜಕ್ಕೂ ಉಳಿದುಕೊಳ್ಳುತ್ತಿದ್ದೆ. ಆದರೆ ಹುಟ್ಟಿದಾಗಿನಿಂದ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ಅದು ನಾನೇ ಮಾವ. ಅವನು ನನ್ನ ಕ್ಲಾಸಿನವನು. ಬಸ್ಸು ತಪ್ಪಿತ್ತು, ಇನ್ನೊಂದು ಬರೋವರೆಗೂ ಕಡಲೆಕಾಯಿ ತಿಂದ್ವಿ. ಬೇರೆ ಏನಿಲ್ಲ. ನಂಗೆ ಓದಬೇಕು. ಅಪ್ಪ ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಮಾವ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. "ಕಡಲೆಕಾಯಿ ತಿಂದಿದ್ದು ರುಜುವಾತಾಗಿದೆ. ಅದು ತಪ್ಪು ಅಂತ ಈ ಮನೆ ನಿಯಮದಲ್ಲಿ ಮೊದಲೇ ಎಲ್ಲೂ ಹೇಳಿಲ್ಲ. ಇದು ನನ್ನ ವರದಿ. ಶಿಕ್ಷೆ ಕೊಡೋದು, ಬಿಡೋದು ನನ್ನ ಕೈಲಿಲ್ಲ. ಅದು ಭಾವಂದು."

ಅಪ್ಪ ತೀರ್ಪು ಹೇಳದೆಯೇ ಊಟ ಮುಗಿಸಿದರು. ಅಮ್ಮ, ಅಜ್ಜಿ ಆಟೋದಲ್ಲಿ ಹೊರಟರು. ಅಪ್ಪ ನನ್ನನ್ನು ಮಾತ್ರ ನಿಲ್ಲಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಮೂಲೆಯ ಗಾಡಿಯವನ ಹತ್ತಿರ ನಿಂತು ಒಂದು ಪೊಟ್ಟಣ ಕಡಲೆಕಾಯಿ ಕೊಂಡು ನನ್ನ ಕೈಗಿತ್ತರು.

"ಅವತ್ತೇ ಹೇಳಬಹುದಿತ್ತಲ್ಲಮ್ಮ."

"ನೀವು ಕೇಳಲಿಲ್ಲ ಅಪ್ಪ."

ಅಪ್ಪ ಪೊಟ್ಟಣದಿಂದ ಒಂದು ಕಡಲೆಕಾಯಿ ತೆಗೆದು ಬಿಡಿಸಿದರು. "ಈಗ ಕೇಳ್ತಿದೀನಿ. ಏನ್ ಓದ್ತಿದೀಯಾ ನೀನು ಅಲ್ಲಿ? ಹೇಳು."

ಬಸ್ಸು ಬಂತು, ಹೋಯಿತು. ಮಾವ ಗೇಟಿನಲ್ಲಿ ನಿಂತು "ಭಾವ, ಬಸ್ಸು" ಎಂದು ಕೂಗುತ್ತಲೇ ಇದ್ದರು. ಅಪ್ಪ ತಿರುಗಿ ನೋಡದೆ ಬರುವುದಿಲ್ಲವೆಂದು ಕೈಯಾಡಿಸಿದರು. ವಿಜಯನಗರದವರೆಗೂ ನಡೆದೇ ಹೋದೆವು. ದಾರಿಯುದ್ದಕ್ಕೂ ಅಪ್ಪ ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕುತ್ತಿದ್ದರು, ನಾನು ಹೇಳುತ್ತಿದ್ದೆ.