ಕಡಲು ವಾಪಸು ಕೊಟ್ಟ ತೆಂಗಿನಕಾಯಿ

ಅದಕ್ಕೊಂದು ಹೆಸರಿದೆ. ದತ್ತ... ದತ್ತಾ... ನಾಲಿಗೆ ತುದಿಯಲ್ಲೇ ಕೂತಿದೆ, ಈಚೆ ಬರುತ್ತಿಲ್ಲ. ಇರಲಿ, ಡೇಟಾ ಸೆಂಟರ್ ಅನ್ನೋಣ. ನಾವು ಫೋನಿನಲ್ಲಿ ತೆಗೆದ ಫೋಟೋ, ಬೆಳಿಗ್ಗೆ ಎದ್ದು ಕಳಿಸುವ ಗುಡ್ ಮಾರ್ನಿಂಗು, ಎಲ್ಲ ಎಲ್ಲೋ ದೊಡ್ಡ ಕಟ್ಟಡದ ಯಂತ್ರಗಳಲ್ಲಿ ಇರುತ್ತವಂತೆ. ಆ ಯಂತ್ರಗಳು ಕಾದು ಕೆಂಡವಾಗುತ್ತವಂತೆ. ಅವನ್ನು ಸಮುದ್ರದಲ್ಲಿ ತೇಲಿಬಿಟ್ಟರೆ ಅಲೆಯಿಂದಲೇ ಕರೆಂಟು, ನೀರಿನಿಂದಲೇ ತಂಪು ಎಂದು ಯಾರೋ ಹೊರಟಿದ್ದಾರೆ. ನಮ್ಮ ಸಿದ್ಧಾರ್ಥನಗರದ ಬೀದಿಯಲ್ಲಿ ಎಂಥ ದೊಡ್ಡ ವಿಷಯವೂ ಗೇಟು ದಾಟುವಷ್ಟರಲ್ಲಿ ನಗೆಯಾಗುವುದು ಹೊಸದಲ್ಲ. ಇದೂ ಹಾಗೇ ಆಯಿತು.

ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನನ್ನ ಮೊಮ್ಮಗಳು ಇದರ ಪರವಾಗಿ ಮಾತಾಡಬೇಕಿತ್ತು. ಮೊದಲ ಸುತ್ತು ಬಡಾವಣೆಯ ಪಾರ್ಕಿನಲ್ಲೇ. ಹೆಚ್ಚು ಜನ ಒಪ್ಪಿ ಕೈ ಎತ್ತಿದರೆ ಮುಂದಿನ ಸುತ್ತು ಕಾರವಾರದಲ್ಲಿ. ಜೊತೆಗೆ ಮನೆಯವರೊಬ್ಬರು ಹೋಗಬಹುದು.

ನಾನು ಹುಟ್ಟಿದ್ದು ಕಾರವಾರದ ಕಡಲ ದಂಡೆಯಲ್ಲಿ. ಸೊಸೆಯಾಗಿ ಮೈಸೂರಿಗೆ ಬಂದಮೇಲೆ ಕುಕ್ಕರಹಳ್ಳಿ ಕೆರೆಯನ್ನೇ ಕಡಲು ಅಂದುಕೊಂಡು ಕಾಲ ಹಾಕಿದವಳು. ತವರಿನಲ್ಲಿ ಈಗ ಯಾರೂ ಇಲ್ಲ, ಹೋಗಲು ನೆವವೂ ಇಲ್ಲ. ಉಪ್ಪುಗಾಳಿಗೆ ಕಬ್ಬಿಣ ಏನಾಗುತ್ತದೆಂದು ಬಲ್ಲ ನನಗೆ ಆ ತೇಲುವ ಯಂತ್ರದ ಮೇಲೆ ಸಾಸಿವೆಯಷ್ಟೂ ನಂಬಿಕೆ ಇರಲಿಲ್ಲ. ಆದರೆ ಕಡಲು ನೋಡಬೇಕಿತ್ತು. ಹಾಗಾಗಿ ಬೀದಿಯಲ್ಲಿ ಪ್ರಚಾರಕ್ಕೆ ನಾನೇ ನಿಂತೆ.

ಹೂವಿನವಳು

ಮೊದಲು ಸಿಕ್ಕಿದ್ದು ಇಲವಾಲದಿಂದ ಹೂವು ತರುವಾಕೆ. ನೀರಿನ ಅಲೆಯಲ್ಲೇ ಕರೆಂಟು ಹುಟ್ಟಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ಮೊಳ ಹಾಕುತ್ತಿದ್ದ ಕೈ ನಿಲ್ಲಿಸಿ ಪೂರ್ತಿ ಕೇಳಿದಳು.

"ಅಲ್ಲ ಕಣವ್ವ, ನಮ್ಮೂರಲ್ಲಿ ನಾಕು ಹನಿ ಬಿದ್ರೆ ಕರೆಂಟು ವೋಯ್ತದೆ. ಅಷ್ಟೊಂದು ನೀರಲ್ಲಿ ಎಂಗೆ ಬತ್ತದೆ?"

ಮೊಮ್ಮಗಳನ್ನು ಕರೆದೆ. ಅವಳು ಬರುವಷ್ಟರಲ್ಲಿ ನಮ್ಮ ಮನೆಯ ಕರೆಂಟೇ ಹೋಯಿತು.

ಪಕ್ಕದ ಮನೆಯ ಸಾರ್

ಪಕ್ಕದ ಮನೆಯವರು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇಡೀ ಬೀದಿಗೆ 'ಸಾರ್'. ಹೂವಿನವಳ ಮಾತು ಕೇಳಿ ನಕ್ಕು, ತಾಂತ್ರಿಕವಾಗಿ ಎಲ್ಲ ಸಾಧ್ಯ ಅಂದರು. ನನಗೆ ಕಾರವಾರ ಕಣ್ಣೆದುರು ಬಂತು. ಆ ತೇಲುವ ಡೇಟಾ ಸೆಂಟರಿನಲ್ಲಿ ಎಷ್ಟು ಜನ ಸಿಬ್ಬಂದಿ ಎಂದು ಸಾರ್ ಕೇಳಿದರು. ಒಬ್ಬರೂ ಇರುವುದಿಲ್ಲ, ಎಲ್ಲ ತಾನೇ ನಡೆಯುತ್ತದೆ ಎಂದಳು ಮೊಮ್ಮಗಳು. ಸಾರ್ ಮುಖ ಗಂಭೀರವಾಯಿತು.

"ಒಬ್ಬರೂ ಇಲ್ಲದಿದ್ದರೆ, 'ಸಾಹೇಬರು ಇವತ್ತಿಲ್ಲ, ನಾಳೆ ಬನ್ನಿ' ಅನ್ನೋರು ಯಾರಮ್ಮ?"

ಎದುರು ಮನೆಯ ಸೀರೆಗಳು

ಎದುರು ಮನೆಯಾಕೆಯ ಬೀರುವಿನಲ್ಲಿ ಅತ್ತೆಯ ಕಾಲದ ಮೈಸೂರು ರೇಷ್ಮೆ ಸೀರೆಗಳಿವೆ. ಮಳೆಗಾಲ ಮುಗಿದ ಕೂಡಲೇ ಮಡಿಕೆ ಬಿಚ್ಚಿ, ಗಾಳಿಗೆ ಹರವಿ, ಬೇರೆ ಮಡಿಕೆ ಹಾಕಿಡುತ್ತಾರೆ. ಮಗಳ ಮದುವೆಯ ಫೋಟೋಗಳೂ ಮುಂದೆ ನೀರಿನ ಮೇಲೆ ಇರಬಹುದೆಂದು ತಿಳಿದಾಗ ಅವರು ಬೇಡ ಅನ್ನಲಿಲ್ಲ. ಮೊಮ್ಮಗಳ ಕೈ ಹಿಡಿದು, ವರ್ಷಕ್ಕೊಮ್ಮೆಯಾದರೂ ತೆಗೆದು ಬಿಸಿಲಿಗೆ ಹಾಕುತ್ತಾರೆ ತಾನೇ ಎಂದು ಮೆಲ್ಲಗೆ ಕೇಳಿದರು.

ಪಾರ್ಕು

ಭಾನುವಾರ ಪಾರ್ಕು ತುಂಬಿತ್ತು. ಹೂವಿನವಳೂ ಬುಟ್ಟಿ ಸಮೇತ ಬಂದು ಕೂತಿದ್ದಳು. ಮೊಮ್ಮಗಳು ತಡವರಿಸದೆ ಮಾತಾಡಿದಳು. ದತ್ತಾಂಶ ಕೇಂದ್ರ, ಹಾಂ, ಅದೇ ನಾನು ಮರೆತ ಹೆಸರು. ಇನ್ನೇನು ಕೈ ಎತ್ತಬೇಕು, ಸಾರ್ ಎದ್ದು ನಿಂತರು.

"ಅದಕ್ಕೆ ಆಯುಧಪೂಜೆ ಯಾರು ಮಾಡ್ತಾರೆ?"

ಮೈಸೂರಿನಲ್ಲಿ ಇದು ಹುಡುಗಾಟದ ಪ್ರಶ್ನೆಯಲ್ಲ. ಆ ದಿನ ಬಸ್ಸಿನಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಕುಂಕುಮ ಬೀಳಬೇಕು. ಬೂದುಗುಂಬಳ ಒಡೆಯದ ಯಂತ್ರವನ್ನು ನಮ್ಮ ಬೀದಿ ನಂಬುವುದಿಲ್ಲ. ಜನ ಹೌದಲ್ಲ ಎಂದು ತಲೆಯಾಡಿಸಿದರು, ಮೊಮ್ಮಗಳು ನನ್ನ ಕಡೆ ನೋಡಿದಳು. ಕಾರವಾರ ಜಾರುತ್ತಿತ್ತು. ನಾನು ಎದ್ದೆ.

ನೂಲುಹುಣ್ಣಿಮೆಯ ದಿನ ನಮ್ಮ ಕಡೆಯವರು ಕಡಲಿಗೇ ಪೂಜೆ ಮಾಡಿ ತೆಂಗಿನಕಾಯಿ ಕೊಡುತ್ತಾರೆ, ಕಡಲಿಗೆ ಪೂಜೆಯಾದರೆ ಅದರ ಮೇಲೆ ತೇಲುವುದಕ್ಕೂ ಆದ ಹಾಗೆ ಅಂದೆ. ಎಲ್ಲರೂ ಒಪ್ಪಿದರು. ಅಲ್ಲಿಗೆ ಕೂತಿದ್ದರೆ ಮುಗಿಯುತ್ತಿತ್ತು. ಎದುರು ಮನೆಯಾಕೆ, ಆಮೇಲೆ ಆ ಕಾಯಿ ಏನಾಗುತ್ತೆ ಎಂದರು.

"ಏನಾಗುತ್ತೆ, ಸಂಜೆಯೊಳಗೆ ದಡಕ್ಕೆ ಬಂದುಬಿಡುತ್ತೆ. ಮಕ್ಕಳು ಕಾದಿದ್ದು ಎತ್ತಿಕೊಂಡು ಓಡ್ತಿದ್ವಿ. ಮಾರನೆ ದಿನ ಮನೆಮನೇಲೂ ಚಟ್ನಿ."

ಪಾರ್ಕು ಬಿದ್ದು ಬಿದ್ದು ನಕ್ಕಿತು. ಸಾರ್ ಕನ್ನಡಕ ಒರೆಸಿಕೊಂಡರು. "ಒಂದು ಕಾಯನ್ನೇ ಇಟ್ಟುಕೊಳ್ಳದ ಕಡಲು ಅಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳುತ್ತಾ?"

ಊರಿನ ದಾರಿಗೆ ನಾನೇ ಬೇಲಿ ಹಾಕಿಕೊಂಡಿದ್ದೆ. ಆಗ ಮೊಮ್ಮಗಳು ಮೈಕು ಹತ್ತಿರ ಎಳೆದುಕೊಂಡಳು.

"ಸಾರ್, ಕೊಟ್ಟಿದ್ದನ್ನ ಸಂಜೆಯೊಳಗೆ ವಾಪಸು ಕೊಡೋರ ಹತ್ತಿರ ಅಲ್ಲದೆ, ನಮ್ಮ ಫೋಟೋನ ಇನ್ಯಾರ ಹತ್ತಿರ ಇಡಬೇಕು?"

ಮೊದಲು ಹೂವಿನವಳ ಕೈ ಮೇಲೆದ್ದಿತು. ಆಮೇಲೆ ಎದುರು ಮನೆಯಾಕೆಯದು, ಆಮೇಲೆ ಬೆಂಚುಬೆಂಚೇ. ಕೊನೆಗೆ ಸಾರ್ ಕೂಡ ಎತ್ತಿದರು, 'ತಾತ್ಕಾಲಿಕವಾಗಿ' ಎಂದು ಸೇರಿಸಿ.

ನಾಳೆ ಬಸ್ಸು. ಏನೇನು ಒಯ್ಯಬೇಕೆಂದು ಮೊಮ್ಮಗಳು ಬರೆದುಕೊಳ್ಳುತ್ತ ಕೂತಿದ್ದಾಳೆ. ಎರಡು ತೆಂಗಿನಕಾಯಿ ಅಂದೆ. ಕಡಲಿಗೆ ಒಂದು ಸಾಕಲ್ಲವಾ, ಅದೇ ವಾಪಸು ಬರುತ್ತಲ್ಲ ಅಜ್ಜಿ ಅಂದಳು.

"ವಾಪಸು ಬರೋದು ನಿನ್ನ ಭಾಷಣಕ್ಕಾಯ್ತು ಕಣೆ. ಚಟ್ನಿಗೆ ಬೇರೆ ಇರಲಿ, ಬರೆದುಕೋ."