ಮಾವನವರ ಪಡಸಾಲೆಯ ಗೋಡೆ: ಒಂದು ತಿದ್ದುಪಡಿ

ಜುಲೈ ೯, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಆಕರ: ನನ್ನ ದಿನಚರಿ. ಅಡುಗೆಮನೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಲಾಗಿದೆ.

ಆ ಹೊತ್ತಿಗೆ ಬೈಲಹೊಂಗಲದ ನಮ್ಮ ಮನೆಗೆ ಸವಿತಾ ಬಂದಳು. ಹಳೆಯ ಮನೆಗಳ ಗೋಡೆಚಿತ್ರಗಳ ಕುರಿತು ಕಾಲೇಜಿಗೆ ಪ್ರಬಂಧ ಬರೆಯುತ್ತಿರುವ ಹುಡುಗಿ. ಅವಳ ಒಂದು ಅಧ್ಯಾಯ ನಿಂತಿದ್ದೇ ನನ್ನ ಲೇಖನದ ಮೇಲೆ. ಮುರಗೋಡದ ನನ್ನ ಮಾವನವರ ಪಡಸಾಲೆಯ ಗೋಡೆಯಲ್ಲಿ ಅಂಬಾರಿ ಹೊತ್ತ ಆನೆಯ ಅಪೂರ್ವ ಚಿತ್ರವಿತ್ತೆಂದೂ, ೧೯೮೬ರಲ್ಲಿ ಮನೆಯ ಯಜಮಾನನಾದ ನನ್ನ ಹೆಂಡತಿಯ ಅಣ್ಣ ಅದರ ಮೇಲೆ ಸುಣ್ಣ ಬಳಿದನೆಂದೂ ಅದರಲ್ಲಿ ನಿರೂಪಿಸಿದ್ದೆ. ಲೇಖನ ಅಚ್ಚಾದಂದಿನಿಂದ ಆತ ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬಂದಿಲ್ಲ. ಸತ್ಯಕ್ಕೆ ಬೆಲೆ ತೆರಲೇಬೇಕು. ತೆತ್ತವಳು ನನ್ನ ಹೆಂಡತಿ ನೀಲವ್ವ.

“ಸರ್, ಇದಕ್ಕ ಪುರಾವೆ ಎಲ್ಲೈತಿ ಅಂತ ಗೈಡ್ ಕೇಳ್ಯಾರ್ರಿ. ನಾಳೆ ಕೊಡ್ಲಿಲ್ಲಂದ್ರ ಅಧ್ಯಾಯನ ತಗೀ ಅಂದಾರ.”

“ಅರ್ಧ ತಾಸು ಸಾಕು!” ಎಂದೆ.

ಅಂತರ್ಜಾಲದಲ್ಲಿ ಕಲಾಚಿತ್ರಗಳ ಭಂಡಾರವೊಂದಿದೆ. ಹೆಸರು ನೋಂದಾಯಿಸಿ, ಹುಡುಕುವ ಚೌಕದಲ್ಲಿ ವಿಧಿವತ್ತಾಗಿ ಬರೆದೆ: ‘ಮುರಗೋಡ ಗ್ರಾಮದ ಖಾಸಗಿ ಗೃಹವೊಂದರ ಪಡಸಾಲೆಯ ಪೂರ್ವದ ಗೋಡೆಯ ಮೇಲೆ ಇದ್ದು, ಪ್ರಸ್ತುತ ಇಲ್ಲದ ಚಿತ್ರ.’ ಭಂಡಾರ ಬಹಳ ಹೊತ್ತು ಯೋಚಿಸಿ ಜಪಾನಿನ ಒಂದು ಚಹಾ ಕೆಟಲ್ ತೋರಿಸಿತು!

‘ಆನೆ’ ಎಂದಷ್ಟೇ ಬರೆದೆ. ಜಗತ್ತಿನ ಆನೆಗಳೆಲ್ಲ ಬಂದವು. ಆಗ ಪಕ್ಕದ ಚೌಕಗಳಿಗೆ ಟಿಕ್ ಹಾಕುವ ಶಾಸ್ತ್ರೀಯ ಕ್ರಮಕ್ಕೆ ಇಳಿದೆ. ಊರು: ಮುರಗೋಡ. ಕಾಲ: ಸುಣ್ಣ ಬಳಿದ ವರ್ಷ, ೧೯೮೬.

ಫಲಿತಾಂಶ: ಸೊನ್ನೆ.

“ಸರ್, ಆ ವರ್ಷದ ಟಿಕ್ ತಗದ್ ನೋಡೋಣ್ರಿ.”

“ವರ್ಷ ನಿರ್ವಿವಾದ. ದೋಷ ಭಂಡಾರದ್ದು.”

ಒಡನೆಯೇ ಭಂಡಾರದವರಿಗೆ ಮೂರು ಅಡಿಟಿಪ್ಪಣಿಗಳುಳ್ಳ ಪತ್ರ ಬರೆದೆ. ‘ತಮ್ಮ ಸಂಗ್ರಹ ಅಪೂರ್ಣ. ಗೋಡೆ ಕೆಡಿಸಿದವನ ಹೆಸರೂ ಅವನಿಗೂ ನನಗೂ ಇರುವ ಸಂಬಂಧವೂ ಇಂತಿವೆ.’ ಪ್ರತಿಯನ್ನು ಸವಿತಾಳ ಗೈಡ್‌ಗೂ ಕಳಿಸಿದೆ. ಹೋಯಿತು!

ಚಹಾ ತಂದ ನೀಲವ್ವ ಕೇಳಿದಳು: “ಮತ್ತ ನಮ್ಮ ಅಣ್ಣನ ಹೆಸರ ಬರದ್ರೇನ್ರಿ? ಈ ಸಲಾನೂ ನಾ ಪಂಚಮಿ ಉಂಡಿ ಇಲ್ಲೇ ಕುಂತ ತಿನ್ನಬೇಕು, ಹೌದಲ್ರಿ?”

ನಾನು ಕನ್ನಡಕ ಒರೆಸಿಕೊಂಡೆ. ಅಷ್ಟರಲ್ಲಿ ಸವಿತಾ ವರ್ಷದ ಟಿಕ್ ತೆಗೆದುಬಿಟ್ಟಳು. ಒಂದೇ ಒಂದು ಫೋಟೋ ಬಂತು.

ಗೋಡೆಯಲ್ಲಿ ಆನೆಯ ಹಿಂಭಾಗ ಮಾತ್ರ ಉಳಿದಿದೆ, ಮುಂಭಾಗ ಬೆಳ್ಳಗೆ. ನಡುವೆ ಧೋತರ ಎತ್ತಿ ಕಟ್ಟಿದ ತರುಣನೊಬ್ಬ ಸುಣ್ಣದ ಬ್ರಶ್ ಹಿಡಿದು ನಗುತ್ತಿದ್ದಾನೆ. ಕೆಳಗೆ ಛಾಯಾಗ್ರಾಹಕರ ಟಿಪ್ಪಣಿ: ‘ಮುರಗೋಡ, ೧೯೭೯. ಪಂಚಮಿಗೆ ಮುಂಚಿನ ಸುಣ್ಣ. ಬಳಿಯುತ್ತಿರುವವರು ಮನೆಯ ಹೊಸ ಅಳಿಯ. ನಿಲ್ಲಿಸಲು ಕೋರಿದೆ, ಕೇಳಲಿಲ್ಲ.’

“ಸರ್... ಇವರು ಯಾರ್ರಿ?”

“ಚಿತ್ರ ಮಸುಕಾಗಿದೆ. ಗುರುತು ಅನಿಶ್ಚಿತ.”

ನೀಲವ್ವ ಬಾಗಿ ನೋಡಿದಳು. “ಆ ಮೂಗ ಏನ್ ಅನಿಶ್ಚಿತ ಅಲ್ಲ ಬಿಡ್ರಿ! ನಮ್ಮವ್ವ ಬ್ಯಾಡ ಬ್ಯಾಡ ಅಂದ್ರೂ ‘ನಾ ಹಚ್ಚತೇನ್ರಿ ಅತ್ತಿಯವರ’ ಅಂತ ನೀವs ಬಕೆಟ್ ಕಸಗೊಂಡ್ರಿ.”

“ಹಾಗಾದರೆ ಲೇಖನ ಬರೆಯುವಾಗಲೇ ಏಕೆ ಹೇಳಲಿಲ್ಲ?”

“ಹೇಳಿದ್ನಲ್ರಿ! ಬಾಯಿಮಾತು ಪುರಾವೆ ಅಲ್ಲ ಅಂದ್ರಿ.”

ಸವಿತಾ ಪೆನ್ನು ತೆರೆದು ಕೇಳಿದಳು, “ಸರ್, ಅಧ್ಯಾಯದಾಗ ಈಗ ಯಾರ ಹೆಸರ ಹಾಕ್ಲಿರಿ?”

ಒಂದೇ ಆಕರವನ್ನು ನಂಬುವುದು ಸಂಶೋಧನೆಯಲ್ಲ. ಟ್ರಂಕಿನಿಂದ ೧೯೭೯ರ ನನ್ನ ದಿನಚರಿಯನ್ನು ತೆಗೆದೆ. ಅತ್ತ ನೀಲವ್ವ ಆಗಲೇ ಫೋನಿನಲ್ಲಿದ್ದಳು: “ಅಣ್ಣಾ, ಪಂಚಮಿಗೆ ಕರ್ಯಾಕ ಬಾ. ಸುಣ್ಣಾ ಹಚ್ಚಿದವ್ರು ಸಿಕ್ಕಾರ. ಇಲ್ಲೇ ಮುಂದs ಕುಂತಾರ.”

ಪಂಚಮಿಯ ಹಿಂದಿನ ವಾರದ ಪುಟ ಹೀಗಿದೆ: ‘ಮಾವನವರ ಪಡಸಾಲೆಯನ್ನು ಸ್ವತಃ ಬೆಳ್ಳಗೆ ಮಾಡಿದೆ. ಕ್ಯಾಮೆರಾ ಹಿಡಿದ ಯಾರೋ ಅಡ್ಡ ಬಂದರು. ಓದಿದವರಿಗೆ ಸ್ವಚ್ಛತೆಯ ಅರಿವೇ ಇಲ್ಲ!’

ಕೈಬರಹ ನನ್ನದೇ. ತಾಳೆ ನೋಡಲಾಗಿದೆ.