ಪತಿದೇವರ ಕೋಳಿಸಾರು

ಅಡುಗೆ ಎಂದರೆ ಅದೇನು ಮಹಾ ವಿದ್ಯೆ? ಒಲೆ, ಪಾತ್ರೆ, ಸ್ವಲ್ಪ ಪ್ರೀತಿ. ಮೂರೂ ನನ್ನಲ್ಲಿದ್ದವು. ಪ್ರೀತಿಯಂತೂ ಧಾರಾಳವಾಗಿತ್ತು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ನನ್ನ ನೌಕರಿಯ ಹಿಂದೆ ಮಂಡ್ಯದಿಂದ ನಾಗಪುರಕ್ಕೆ ಬಂದ ಹೆಂಡತಿ ಸುಮಾ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ದಿನವಿಡೀ ಡ್ಯೂಟಿ, ಬಂದ ಮೇಲೆ ಅಡುಗೆ. ಒಮ್ಮೆ ತಟ್ಟೆ ತೊಳೆಯುತ್ತಾ, “ಯಾರಾದ್ರೂ ಬಡಿಸಿ, ನಾನು ಸುಮ್ನೆ ಕೂತು ಊಟ ಮಾಡಿ ಎಷ್ಟು ಕಾಲ ಆಯ್ತೋ!” ಎಂದಳು. ಆ ಮಾತು ನನ್ನ ಎದೆಗೆ ನಾಟಿತು. ಅವಳನ್ನು ಕೂರಿಸಿ ಬಡಿಸಲೇಬೇಕು! ಕೋಳಿಸಾರು, ಬೀನ್ಸ್ ಪಲ್ಯ, ಹುರಿದ ಆಲೂಗಡ್ಡೆ, ಕ್ಯಾರೆಟ್ ಕೋಸಂಬರಿ. ಗುಟ್ಟಾಗಿ ಆಫೀಸಿಗೆ ರಜೆ ಹಾಕಿದೆ.

ಆ ಬೆಳಿಗ್ಗೆ ಹೊರಡುವಾಗ ಅವಳು ಸಂಜೆಯ ಬಗ್ಗೆ ಏನೋ ಹೇಳಿದಳು. “ಹ್ಞೂಂ, ಹ್ಞೂಂ” ಎಂದೆ. ಆ ಹೊತ್ತಿಗೆ ನಾನು ಮನಸ್ಸಿನಲ್ಲೇ ಈರುಳ್ಳಿ ಹುರಿಯುತ್ತಿದ್ದೆ. ತಿಂಡಿಯನ್ನೂ ಮುಟ್ಟದೆ ಹೋದಳು. ಒಳ್ಳೆಯದೇ ಆಯಿತು, ಸಂಜೆಗೆ ಹಸಿವು ಜೋರಾಗಿರಲಿ ಎಂದುಕೊಂಡೆ.

ಲಕ್ಷ್ಮೀ ನಗರದ ಕೋಳಿ ಅಂಗಡಿಯ ಮುಂದೆ ಎಂದೂ ಕಾಣದ ಸಾಲು! ಮುಂದಿದ್ದವನು ತಿರುಗಿ, “ಸಾಬ್, ಕಲ್ ಸೇ ತೋ ಬಂದ್!” ಎಂದ. ನಾಳೆಯಿಂದ ಬಂದ್ ಎಂದರೆ ಅಂಗಡಿಗೆ ರಜೆಯಿರಬೇಕು. ಇವತ್ತೇ ಬಂದ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮನೆಗೆ ಬಂದು ಒಲೆ ಹಚ್ಚಿದೆ. ಆಹಾ, ಆ ಮಧ್ಯಾಹ್ನ! ಕಿಟಕಿಯಾಚೆ ಮೋಡ, ಒಳಗೆ ಮಸಾಲೆಯ ಘಮ. ಸೌಟು ಆಡಿಸುತ್ತಾ ನಿಂತಲ್ಲೇ ಕನಸು ಕಂಡೆ: ಸುಮಾ ಕೂತಿದ್ದಾಳೆ, ನಾನು ಬಡಿಸುತ್ತಿದ್ದೇನೆ, ಮೊದಲ ತುತ್ತಿಗೇ ಅವಳು ಮೆಲ್ಲಗೆ ಕಣ್ಣು ಮುಚ್ಚುತ್ತಾಳೆ... ನಾನು ಕಣ್ಣು ಬಿಟ್ಟಾಗ ಆಲೂಗಡ್ಡೆ ಕಪ್ಪಗಾಗಿತ್ತು.

ವಾಸನೆ ಹಿಡಿದು ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಎಲ್ಲರ ಬಾಯಲ್ಲಿ ‘ಕಾಕು’, ಬಂದರು. “ಅಗಬಾಯ್! ತುಮ್ಹೀ ಪಣ ಗಟಾರೀ?” ನೀವೂ ಗಟಾರಿ ಮಾಡ್ತೀರಾ ಎಂದು ಅವರಿಗೆ ಅಚ್ಚರಿ. ನಾಳೆಯಿಂದ ಶ್ರಾವಣ, ತಿಂಗಳಿಡೀ ಮಾಂಸವಿಲ್ಲ. ಅದಕ್ಕೇ ಇಂದಿನ ಅಮಾವಾಸ್ಯೆಗೆ ಇಲ್ಲಿ ಮನೆಮನೆಯಲ್ಲೂ ಕೋಳಿಯಂತೆ. ಭಲೇ! ಕೇಳದೆಯೇ ನಾನು ಪಕ್ಕಾ ನಾಗಪುರದವನಾಗಿಬಿಟ್ಟಿದ್ದೆ! ಅಮಾವಾಸ್ಯೆ ಎಂಬ ಪದ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

ಸಂಜೆ ಬಾಗಿಲು ತೆರೆಯಿತು. ಸುಮಾಳ ಕೈಯಲ್ಲಿ ಮಲ್ಲಿಗೆ, ಅರಿಶಿನದ ದಾರ, ಜೋಡಿ ದೀಪ.

“ರೀ... ಏನ್ ವಾಸನೆ ಇದು?”

“ನಿನಗೋಸ್ಕರ!” ಎಂದೆ, ಎದೆಯುಬ್ಬಿಸಿ.

“ಇವತ್ತು ಭೀಮನ ಅಮಾವಾಸ್ಯೆ ಕಣ್ರೀ! ನಿಮ್ ಪಾದಪೂಜೆ ಮಾಡ್ಬೇಕು ಅಂತ ಬೆಳಿಗ್ಗೆಯಿಂದ ಉಪವಾಸ ಇದೀನಿ! ಬೆಳಿಗ್ಗೆ ಹೇಳ್ಲಿಲ್ವಾ?”

ಗಂಡನ ಆಯುಷ್ಯಕ್ಕಾಗಿ ಹೆಂಡತಿ ಹಸಿದಿದ್ದಾಳೆ. ಗಂಡ ಮನೆಯಲ್ಲಿ ಕೋಳಿ ಬೇಯಿಸುತ್ತಿದ್ದಾನೆ. ನಾಚಿಕೆಯಿಂದ ಒಲೆ ಆರಿಸಿದೆ.

“ಹೋಗ್ಲಿ, ಪಲ್ಯನಾದ್ರೂ ತಿನ್ಬೋದಾ?”

“ಅದು... ಎಲ್ಲದಕ್ಕೂ ಒಂದೇ ಸೌಟು.”

“ಕೋಸಂಬರಿ?”

“ಕೋಳಿ ಹೆಚ್ಚಿದ ಹಲಗೆ ಮೇಲೇ...”

ಪಾತ್ರೆಗಳೆಲ್ಲ ಕಾಕು ಮನೆಗೆ ಮೆರವಣಿಗೆ ಹೊರಟವು. ಕರಕಲು ಆಲೂಗಡ್ಡೆಯನ್ನು ಮಾತ್ರ ಕಾಕು ವಿನಯದಿಂದ ವಾಪಸ್ ಕೊಟ್ಟರು. ನಾನು ಅಡುಗೆಮನೆ ಉಜ್ಜಿ ತೊಳೆದೆ, ತಲೆಗೆ ನೀರು ಹಾಕಿಕೊಂಡೆ, ಮಣೆಯ ಮೇಲೆ ಕೂತೆ.

“ಪೂಜೆ ಮಾಡೋ ದೇವ್ರೇ ಗರಂ ಮಸಾಲೆ ವಾಸನೆ ಹೊಡೀತಿದೆ” ಎನ್ನುತ್ತಾ ಸುಮಾ ನನ್ನ ಪಾದ ತೊಳೆದಳು. ಕಾಲ್ಬೆರಳ ಸಂದಿಯಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿತು. ಅಲ್ಲಿಯವರೆಗೆ ಬಿಗಿದುಕೊಂಡಿದ್ದವಳು ಕಿಸಕ್ಕನೆ ನಕ್ಕಳು. ನನಗೆ ಹೋದ ಜೀವ ಬಂತು.

ಆಮೇಲೆ ದೀಪದ ಬೆಳಕಿನಲ್ಲಿ ಅವಳು ಮೆಲ್ಲಗೆ ಕಣ್ಣು ಮುಚ್ಚಿದಳು. ಅಯ್ಯೋ, ಥೇಟ್ ನನ್ನ ಕನಸಿನಂತೆಯೇ! ತುತ್ತೊಂದು ಇರಲಿಲ್ಲ, ಅಷ್ಟೆ.

“ಏನ್ ಕೇಳ್ಕೊಂಡೆ?”

“ನಿಮ್ಗೆ ದೀರ್ಘಾಯುಷ್ಯ. ಅಡುಗೆಮನೆಯಿಂದಾಚೆ.”

ಅವಳು ಅವಲಕ್ಕಿ ನೆನೆಸಲು ಎದ್ದಳು. “ನಾನು ಮಾಡ್ತೀನಿ, ನೀನು ಕೂತ್ಕೋ” ಎಂದು ನಾನೂ ಎದ್ದೆ.

“ಅಲ್ಲಾಡ್ಬೇಡಿ! ದೇವ್ರು ಕೂತಲ್ಲೇ ಇರ್ಬೇಕು!”

ಕೂತೆ. ದಿನವಿಡೀ ಹಸಿದಿದ್ದವಳು ಒಗ್ಗರಣೆ ಹಾಕಿದಳು, ತಟ್ಟೆ ಇಟ್ಟಳು, ಬಡಿಸಿದಳು. ಅವಲಕ್ಕಿ ಬಹಳ ಚೆನ್ನಾಗಿತ್ತು. ಪತಿದೇವರು ಎರಡನೇ ಸಲ ಹಾಕಿಸಿಕೊಂಡರು.